ಜನ ಓಡಾಡದ ಜಾಗ

ಹೆಣ ಬೀದಿಯ ತಿರುವು ದಾಟಿದ್ದೇ ತಡ, ಅಂಜಮ್ಮ ಮನೆಗೆ ನೀರು ಹೊಯ್ದು ತೊಳೆದು, ದೀಪ ಹಚ್ಚಿಕೊಂಡು ಒಳಕೋಣೆಗೆ ನಡೆದಳು. ಉಸಿರು ಹೋದ ಜಾಗದಲ್ಲಿ ದೀಪ ಇಡಬೇಕಲ್ಲ. ಅವಳಣ್ಣ ಮುನಿಯಣ್ಣನ ಉಸಿರು ನಿಂತದ್ದು ಅಲ್ಲೇ, ಮಂಚದ ಮೇಲೆ.

"ಬನ್ನಿ ಅತ್ತಿಗೆ."

ರಾಮಮ್ಮ ಹೊಸ್ತಿಲಲ್ಲೇ ನಿಂತಳು. ಒಂದು ವರ್ಷದಿಂದ ಗಂಡ ಅವಳನ್ನು ಆ ಕೋಣೆಗೆ ಬಿಟ್ಟುಕೊಂಡಿರಲಿಲ್ಲ. ಮೊಮ್ಮಗಳು ಅನು ಇಣುಕಿದರೂ "ಈ ಕಡೆ ಬರ್ಬೇಡ, ಅತ್ಲಾಗ್ ಹೋಗು" ಎಂದು ಗದರುತ್ತಿದ್ದ. ಗುಜರಿ ಅಂಗಡಿಯಿಂದ ಬಂದವನೇ ಕದ ಹಾಕಿಕೊಳ್ಳುವುದು. ಮುದುಕನಿಗೆ ಹೆಂಡತಿ ಬೇಡವಾದಳು ಎಂದು ಬಿನ್ನಿಪೇಟೆಯ ಆ ವಠಾರವೆಲ್ಲ ನಕ್ಕಿತ್ತು. ಬೆಳಿಗ್ಗೆ ಹೆಣಕ್ಕೆ ನೀರು ಹಾಕುವಾಗಲೂ ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು.

"ಇದೇನಿದು, ಗುಂಡುಕಲ್ಲಿನಂಗೆ ಭಾರ!" ಅಂಜಮ್ಮ ಮಂಚದಡಿಯಿಂದ ಸೀಸದ ಡಬ್ಬವೊಂದನ್ನು ಎಳೆಯುತ್ತಿದ್ದಳು. "ಮೇಲೆ ಮೂರು ರೆಕ್ಕೆದು ಫ್ಯಾನ್ ಕಂಪ್ನಿ ಗುರುತೈತೆ. ದೀಪ ಇಡಕ್ಕೆ ಸರಿಯಾಯ್ತು."

ಸಂಪತ್ ಹೊರಗಿನಿಂದ ಓಡಿಬಂದ. ವಾರ್ಡ್ ಆಫೀಸಿನ ಹೆಲ್ತ್ ಇನ್ಸ್‌ಪೆಕ್ಟರ್. ಹಾರ ಹಾಕಲು ಬಂದವನು ಸ್ಮಶಾನಕ್ಕೂ ಹೋಗದೆ ಅಂಗಳದಲ್ಲೇ ಅಡ್ಡಾಡುತ್ತಿದ್ದ.

"ಮುಟ್ಬೇಡಿ! ಆಚೆ ಬನ್ನಿ, ಎಲ್ರೂ ಆಚೆ ಬನ್ನಿ!"

*

ಹೋದ ವರ್ಷ ಮುನಿಯಣ್ಣ ಆ ಡಬ್ಬವನ್ನು ಆಟೋದಲ್ಲಿ ಹಾಕಿಕೊಂಡು ವಾರ್ಡ್ ಆಫೀಸಿಗೆ ಬಂದಿದ್ದ. ಮುಚ್ಚಿಹೋದ ಯಾವುದೋ ಕಾರ್ಖಾನೆಯ ಗುಜರಿಯಲ್ಲಿ ಬಂದದ್ದು. ಅವನೂ ಫ್ಯಾನಿನ ಗುರುತೆಂದೇ ತಿಳಿದು, ಒಳಗೆ ತಾಮ್ರ ಇದ್ದೀತೆಂದು ಸುತ್ತಿಗೆ ಎತ್ತಿದ್ದ. ಇದೇನೋ ಅಪಾಯದ ಗುರುತು ಎಂದು ಪಕ್ಕದಂಗಡಿಯವರು ತಡೆದರು.

ಗುರುತು ನೋಡಿದ್ದೇ ಸಂಪತ್ ಕುರ್ಚಿ ಹಿಂದಕ್ಕೆ ಸರಿಸಿದ. "ರೇಡಿಯೇಷನ್ ಇದು. ನಮ್ ವ್ಯಾಪ್ತಿಗೆ ಬರಲ್ಲ, ಸೆಂಟ್ರಲ್ ಗೌರ್ಮೆಂಟ್‌ನೋರು ಬಂದು ತಗೊಂಡ್ ಹೋಗ್ಬೇಕು."

"ಅಲ್ಲೀವರ್ಗೂ ಇಲ್ಲೇ ಇಟ್ಕೊಳಿ ಸಾರ್."

"ಇಲ್ಲಿ ದಿನಾ ಎಷ್ಟು ಜನ ಬರ್ತಾರೆ ಗೊತ್ತಾ? ಜನ ಓಡಾಡದ ಜಾಗದಲ್ಲಿಡಿ. ಯಾರಿಗೂ ಹೇಳ್ಬೇಡಿ, ಗಲಾಟೆ ಆಗುತ್ತೆ. ನಾನು ಬರೀತೀನಿ."

ಬರೆದ. ಸ್ಥಳೀಯ ಆಡಳಿತವೇ ಸದ್ಯಕ್ಕೆ ಜೋಪಾನ ಮಾಡಲಿ ಎಂದು ಮೇಲಿನಿಂದ ಉತ್ತರ ಬಂತು. ವಾರ್ಡ್ ಆಫೀಸು ಅದನ್ನು ಫೈಲಿಗೆ ಸೇರಿಸಿ ಕೈತೊಳೆದುಕೊಂಡಿತು. ಕೊನೆಗೆ ಸ್ಥಳೀಯ ಆಡಳಿತ ಅಂದರೆ ಮುನಿಯಣ್ಣನೊಬ್ಬನೇ ಎಂದಾಯಿತು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಜನ ಓಡಾಡದ ಜಾಗ ಎಲ್ಲಿಂದ ಬರಬೇಕು? ಒಂದು ಕೋಣೆಯಿಂದ ಎಲ್ಲರನ್ನೂ ಓಡಿಸಿ, ಕಾಯುವುದಕ್ಕೆ ತಾನು ಅಲ್ಲಿ ಮಲಗಿದ.

*

ಸಂಪತ್ ಇಷ್ಟನ್ನೂ ತಲೆ ತಗ್ಗಿಸಿಕೊಂಡೇ ಹೇಳಿದ.

"ಅದ್ರಿಂದ್ಲೇನಾ ನಮ್ಮಣ್ಣ ಹೋಗಿದ್ದು?" ಅಂಜಮ್ಮ ಕೇಳಿದಳು.

"ಗೊತ್ತಿಲ್ಲಮ್ಮ. ಡಾಕ್ಟ್ರು ಹಾರ್ಟು ಅಂದ್ರಲ್ಲ... ಈಗ್ಲೇ ಫೋನ್ ಮಾಡ್ತೀನಿ. ಬರ್ತಾರೆ. ಅಲ್ಲೀವರ್ಗೂ..."

"ಜನ ಓಡಾಡದ ಜಾಗದಲ್ಲಿಡ್ಬೇಕು. ಅಲ್ವಾ ಸಾರ್?" ರಾಮಮ್ಮ ಕೇಳಿದಳು.

ಸಂಪತ್ ಫೋನನ್ನು ಕಿವಿಗಿಟ್ಟುಕೊಂಡು ಅಂಗಳಕ್ಕೆ ಸರಿದ.

"ಇವ್ರಿಗೆ ನನ್ನ ಕಂಡ್ರೆ ಆಗ್ದು ಅನ್ಕೊಂಡಿದ್ನಲ್ಲಪ್ಪಾ," ಎಂದ ರಾಮಮ್ಮನಿಗೆ ಆಗ ಅಳು ಬಂತು. ಅಳುತ್ತಲೇ ಕದ ಎಳೆದು ಚಿಲಕ ಹಾಕಿದಳು. ದೀಪವನ್ನು ಹೊಸ್ತಿಲಿನ ಈಚೆಗೆ ಇಟ್ಟು, ಕದಕ್ಕೆ ಬೆನ್ನು ಕೊಟ್ಟು ಕೂತಳು.

ಅಜ್ಜಿ ಅಳುವುದನ್ನು ಕಂಡು ಅನು ತೊಡೆಯೇರಲು ಓಡಿಬಂದಳು.

"ಈ ಕಡೆ ಬರ್ಬೇಡ," ರಾಮಮ್ಮ ಗದರಿದಳು. "ಅತ್ಲಾಗ್ ಹೋಗು."