ಒಂಬತ್ತರ ಗಾಡಿ

ನಮ್ಮ ಅಭಿಮಾನಿ ಬಳಗದಲ್ಲಿ ನಲವತ್ಮೂರು ಜನರಿದ್ದೆವು. ಅಷ್ಟು ಜನರಲ್ಲಿ ಗುರುಪಾದಪ್ಪನವರನ್ನು ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ಇದನ್ನು ಹೇಳಿದಾಗಲೆಲ್ಲ ನನ್ನ ಗಂಡ ರಾಮಲಿಂಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಗಲಿ ಬಿಡಿ. ಹಾಡು ಬರೆದವರನ್ನು ಯಾರು ನೋಡಿರುತ್ತಾರೆ? ಕ್ಯಾಸೆಟ್ಟಿನ ಮೇಲೆ ಹಾಡಿದವರ ಫೋಟೋ ಡಬ್ಬಿಯಷ್ಟೇ ದೊಡ್ಡದಿರುತ್ತದೆ. ಬರೆದವರ ಹೆಸರು ಮೂಲೆಯಲ್ಲಿ, ಇರುವೆ ಸಾಲಿನ ಹಾಗೆ. ‘ಸಾಹಿತ್ಯ: ಗುರುಪಾದಪ್ಪ, ಖಾನಾಪುರ’ ಎಂಬ ಆ ಸಾಲನ್ನು ನಾನು ಹುಡುಕಿ ಹುಡುಕಿ ಓದಿದವಳು. ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿ ಹದಿನೈದು ವರ್ಷ ಸಣ್ಣ ಅಕ್ಷರ ಓದಿದ ಕಣ್ಣು ನನ್ನದು.

ಎರಡು ಸಾವಿರದ ಇಸವಿ ಬಂದಾಗ ಅವರು ಹಾಡು ಬರೆಯಲು ಹಿಡಿದು ಮೂವತ್ತೆಂಟು ವರ್ಷ ಆಗಿತ್ತು. ಮೊದಲು ನಾಟಕ ಕಂಪನಿಗಳಿಗೆ, ಆಮೇಲೆ ಆರ್ಕೆಸ್ಟ್ರಾದವರಿಗೆ, ಕಡೆಗೆ ಕ್ಯಾಸೆಟ್ಟಿಗೆ. ಬೆಳಗಾವಿಯ ಆಟೋದಲ್ಲಿ ಅವರ ಹಾಡು, ಮದುವೆಯ ಬ್ಯಾಂಡಿನಲ್ಲಿ ಅವರ ಹಾಡು, ಫೌಂಡ್ರಿಯಲ್ಲಿ ಎರಕ ಹೊಯ್ಯುವವರ ಬಾಯಲ್ಲಿ ಅವರ ಹಾಡು. ಇಂಥವರಿಗೆ ಊರು ಒಂದು ಸನ್ಮಾನವನ್ನೂ ಮಾಡಿಲ್ಲವೆಂದು ಒಂದು ದಿನ ನನಗೆ ತಲೆ ಕೆಟ್ಟಿತು. ರವಿವಾರ ಪೇಟೆಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಮಾರ್ತಾಂಡಣ್ಣ ನಮ್ಮ ಬಳಗದ ಅಧ್ಯಕ್ಷ. ಬಾಜೂಕ್ಕೆ ಮೆಣಸಿನಕಾಯಿ ಸಗಟು ಅಂಗಡಿ ಇದ್ದುದರಿಂದ ಅವನು ಸೀನುತ್ತಲೇ ವ್ಯಾಪಾರ ಮಾಡುತ್ತಿದ್ದ. ಮೂರು ಸೀನಿನ ನಡುವೆ ಅವನು ಸನ್ಮಾನಕ್ಕೆ ಒಪ್ಪಿಗೆ ಕೊಟ್ಟ. ಮುಂದಿನ ಭಾನುವಾರವೇ ಇಬ್ಬರೂ ಬಸ್ಸು ಹತ್ತಿ ಖಾನಾಪುರಕ್ಕೆ ಹೋದೆವು.

ಗುರುಪಾದಪ್ಪನವರು ಹಂಚಿನ ಕಾರ್ಖಾನೆಯಲ್ಲಿ ಭಟ್ಟಿ ಕಾಯುತ್ತಿದ್ದವರು, ಎರಡು ವರ್ಷದ ಹಿಂದೆ ಬಿಟ್ಟಿದ್ದರು. ತೆಳ್ಳಗಿನ ಮನುಷ್ಯ, ಮಾತು ಇನ್ನೂ ತೆಳ್ಳಗೆ. ನಮ್ಮನ್ನು ಕೂರಿಸಿ, ತಾವು ಅಪರಾಧ ಮಾಡಿದವರಂತೆ ಮೂಲೆಯಲ್ಲಿ ಕುಳಿತರು. ಅವರ ಹೆಂಡತಿ ರೇಣವ್ವ ಚಹಾ ತಂದರು. ನಾನು ಸುಮ್ಮನಿರಬಹುದಿತ್ತು. ಆದರೆ ದೇವರನ್ನು ಎದುರಿಗೆ ಕಂಡಾಗ ಬಾಯಿ ಕಟ್ಟಿಕೊಳ್ಳುವುದು ನನ್ನಿಂದಾಗದು.

‘ಕಾಕಾರ, ನಿಮ್ಮ ಏಳರ ಗಾಡಿ ಹಾಡ ಕೇಳಿ ನಾ ಎಷ್ಟ ಅತ್ತೇನಿ ಅಂದ್ರ ಹೇಳಾಕ ಆಗೂದಿಲ್ಲರಿ’ ಎಂದೆ.

ರೇಣವ್ವ ಚಹಾದ ತಟ್ಟೆಯನ್ನು ಠಕ್ಕೆಂದು ಇಟ್ಟರು. ‘ಅಳ್ರಿ. ಎಲ್ಲಾರೂ ಅಳ್ರಿ. ಬಂದ ನಮ್ಮ ಮನಿಯಾಗ ಕುಂತ ಅಳ್ರಿ’ ಎಂದರು.

ಮಾರ್ತಾಂಡಣ್ಣ ಸೀನುವುದನ್ನೂ ಮರೆತ.

ಆ ಹಾಡು ನಮ್ಮ ಕಡೆ ಗೊತ್ತಿಲ್ಲದವರಿಲ್ಲ.

ಏಳರ ಗಾಡಿಗೆ ಬರತೇನಂದಿ
ಎಂಟಾತ, ಬರಲಿಲ್ಲ ನೀ
ಖಾಲಿ ಗಾಡಿಯ ಹೊಗೆಯಾಗ ನಿಂತು
ಕಣ್ಣುಜ್ಜಿಕೊಂಡೆನ ನಾ

ಹೀಗೆ ಮೂರು ನುಡಿ, ಮೂರಕ್ಕೂ ಕೊನೆಯ ಸಾಲು ಅದೇ. ಏಳು ಗಂಟೆಯ ರೈಲಿಗೆ ಬರುತ್ತೇನೆಂದವಳು ಬರುವುದೇ ಇಲ್ಲ. ಕೈಕೊಟ್ಟವರಿಗೂ ಕೈಕೊಡಿಸಿಕೊಂಡವರಿಗೂ ಅದೇ ಹಾಡು. ನನಗೆ ಯಾರೂ ಕೈಕೊಟ್ಟಿರಲಿಲ್ಲ. ರಾಮಲಿಂಗ ನೋಡಲು ಬಂದ, ಉಪ್ಪಿಟ್ಟು ತಿಂದ, ಒಪ್ಪಿದ. ಆದರೂ ಆ ಹಾಡು ಬಂದರೆ ನಾನು ಅಡಿಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದೆ. ಅಳುವುದಕ್ಕೆ ಸ್ವಂತ ಕಾರಣ ಬೇಕೇ ಬೇಕು ಎಂದೇನಿಲ್ಲ.

‘ಅದು ಅಳೂ ಪದ ಅಲ್ಲರೀ ಬಾಯಾರ’ ಎಂದರು ಗುರುಪಾದಪ್ಪ. ‘ಅದಕ್ಕ ಇನ್ನೊಂದ ನುಡಿ ಐತಿ.’

ಆಮೇಲೆ ಮೆಲ್ಲಗೆ ಹೇಳಿದರು. ನಮ್ಮಲ್ಲಿ ಪದ ಕಟ್ಟುವವರು ಕೊನೆಯ ನುಡಿಯಲ್ಲಿ ತಮ್ಮ ಊರು, ಹೆಸರು ಹೇಳಿ ಮುಗಿಸುವುದು ವಾಡಿಕೆ. ಕ್ಯಾಸೆಟ್ ಮಾಡುವಾಗ ಒಂದು ಬದಿಗೆ ಅರ್ಧ ನಿಮಿಷ ಹೆಚ್ಚಾಯಿತಂತೆ. ‘ಕೊನೀ ನುಡಿ ತಗೀರಿ, ಅದರಾಗ ಏನ ಇರತೈತಿ, ನಿಮ್ಮ ಊರ, ನಿಮ್ಮ ಹೆಸರ’ ಎಂದು ರೆಕಾರ್ಡಿಂಗ್ ಮಾಡುವವರು ಓದದೆಯೇ ತೆಗೆದರಂತೆ. ಇವರದು ಅದು ಮೊದಲ ಕ್ಯಾಸೆಟ್. ಇವರು ಬಾಯಿ ಬಿಡಲಿಲ್ಲ. ಆದರೆ ಆ ಹುಡುಗಿ ಗಾಡಿಯಿಂದ ಇಳಿಯುವುದೇ ಆ ನುಡಿಯಲ್ಲಿ.

‘ಬಂದಳೇನ್ರಿ?’ ಎಂದೆ. ನನ್ನ ದನಿ ನನಗೇ ಮಗುವಿನ ದನಿಯಂತೆ ಕೇಳಿತು.

‘ಬರದ ಏನ ಮಾಡತಾಳ? ನಿಮಗ ಚಹಾ ಕೊಟ್ಟಾಕಿ ಯಾರ ಮತ್ತ?’ ಎಂದರು ರೇಣವ್ವ. ‘ಇಪ್ಪತ್ತ ವರ್ಷ ಆತು ತಂಗಿ. ನೀರಿಗೆ ಹೋದ್ರ ಕೇಳತಾರ, ಸಂತಿಗೆ ಹೋದ್ರ ಕೇಳತಾರ. ನಿನ್ನ ಗಂಡಗ ಕೈಕೊಟ್ಟಾಕಿ ಯಾರವಾ ಅಂತ. ನಾನಽ ಆಕಿ, ನಾ ಬಂದೇನಿ ಅಂದ್ರ ನಗತಾರ. ಪಾಪ, ರೇಣವ್ವಗ ಸಂಕಟ, ಅದಕ್ಕ ಹಂಗ ಹೇಳತಾಳ ಅಂತಾರ. ನನ್ನ ಹಾಡಿನಾಗ ನಾನಽ ಇಲ್ಲ.’

ಗುರುಪಾದಪ್ಪ ನೆಲ ನೋಡುತ್ತಿದ್ದವರು ತಲೆ ಎತ್ತಿದರು. ‘ಶಾಲ ಬ್ಯಾಡರಿ, ಹಾರ ಬ್ಯಾಡರಿ. ಆ ನುಡಿ ಒಮ್ಮೆ ಮಂದ್ಯಾಗ ಹಾಡಸ್ರಿ. ಈಕಿ ಎದುರಿಗೆ ಹಾಡಸ್ರಿ. ಹಂಗಾದ್ರ ನಾ ಬರತೇನಿ.’

‘ನಾ ಬರೂದಿಲ್ಲ’ ಎಂದರು ರೇಣವ್ವ. ‘ಅಷ್ಟ ಮಂದಿ ನನ್ನ ಮಾರಿ ನೋಡಿ ಪಾಪ ಅನ್ನೂದ ಬ್ಯಾಡ.’

‘ಹಾಡಿಸತೇನಿ ಕಾಕೂ’ ಎಂದೆ. ‘ಹಾಡಿಸಲಿಲ್ಲಂದ್ರ ಬಳಗಾನ ಮುಚ್ಚತೇನಿ.’

ಮಾರ್ತಾಂಡಣ್ಣ ನನ್ನನ್ನು ದುರುಗುಟ್ಟಿ ನೋಡಿದ. ಬಳಗ ಮುಚ್ಚುವುದು ಅಧ್ಯಕ್ಷರ ಅಧಿಕಾರ ಎಂದು ಬಸ್ಸಿನಲ್ಲಿ ಖಾನಾಪುರದಿಂದ ಬೆಳಗಾವಿಯವರೆಗೂ ವಿವರಿಸಿದ.

ಹಾಡಲು ಗೊತ್ತು ಮಾಡಿದ್ದು ಆರ್ಕೆಸ್ಟ್ರಾದ ಅಜಿಂಕ್ಯನನ್ನು. ಮನೆಮಾತು ಮರಾಠಿ. ಕನ್ನಡ ಚೆನ್ನಾಗಿ ಆಡುತ್ತಾನೆ, ಓದಲು ಬಾರದು. ಕನ್ನಡದ ಹಾಡುಗಳನ್ನೆಲ್ಲ ಮರಾಠಿ ಅಕ್ಷರದಲ್ಲಿ ಬರೆದುಕೊಂಡ ದಪ್ಪ ನೋಟ್‌ಬುಕ್ ಒಂದಿತ್ತು ಅವನ ಹತ್ತಿರ. ಬೆಳಗಾವಿಯ ಸದಾಶಿವನಗರದ ನಮ್ಮ ಮನೆಯಲ್ಲಿ ಕುಳ್ಳಿರಿಸಿ, ಗುರುಪಾದಪ್ಪ ಬರೆದುಕೊಟ್ಟಿದ್ದ ಆ ಕೊನೆಯ ನುಡಿಯನ್ನು ಐದು ಸಲ ಹಾಡಿಸಿದೆ. ಪ್ರತಿ ಸಲವೂ ಚುರಮುರಿ ಕೇಳಿದ, ಕೊಟ್ಟೆ. ಐದನೆಯ ಸಲ ರಾಮಲಿಂಗ ಪೇಪರು ಮಡಿಚಿಟ್ಟು ‘ಬಂದಳಾ ಆಕಿ?’ ಎಂದ. ಹದಿನೈದು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಗಂಡನ ಮೇಲೆ ಪೂರ್ತಿ ಪ್ರೀತಿ ಬಂತು.

ಕಾರ್ಯಕ್ರಮ ಊರಿನ ಒಂದು ಸಭಾಭವನದಲ್ಲಿ, ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ನೂರೈವತ್ತು ಕುರ್ಚಿ ಹಾಕಿಸಿದ್ದೆವು. ಹತ್ತೂವರೆಗೇ ನಿಲ್ಲಲು ಜಾಗವಿಲ್ಲ. ಫೌಂಡ್ರಿಯವರು ವಾರದ ರಜೆಯ ಇಸ್ತ್ರಿ ಅಂಗಿಯಲ್ಲಿ ಬಂದರು. ಆಟೋದವರು ಆಟೋಗಳನ್ನು ರಸ್ತೆಯುದ್ದಕ್ಕೂ ಬಿಟ್ಟು ಬಂದು ಟ್ರಾಫಿಕ್ ಪೊಲೀಸನ ಬೈಗುಳ ತಿಂದರು. ಬೈದ ಪೊಲೀಸನೂ ಆಮೇಲೆ ಬಾಗಿಲಲ್ಲಿ ನಿಂತು ಕೇಳಿದ. ಖಾನಾಪುರದಿಂದ ಹೆಂಗಸರೇ ಒಂದು ಟೆಂಪೋ ಮಾಡಿಕೊಂಡು ಬಂದಿದ್ದರು. ಅವರ ನಡುವೆ, ಮೂರನೆಯ ಸಾಲಿನಲ್ಲಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ರೇಣವ್ವ. ಬರುವುದಿಲ್ಲ ಎಂದವರು ಬಂದಿದ್ದರು, ಬಂದ ತಪ್ಪಿಗೆ ಯಾರನ್ನೂ ನೋಡುತ್ತಿರಲಿಲ್ಲ.

ಒಂದಾದ ಮೇಲೊಂದು ಹಾಡು. ಅಜಿಂಕ್ಯ ಒಂದು ಸಾಲು ಎತ್ತಿಕೊಂಡರೆ ಉಳಿದದ್ದು ಸಭೆಯೇ ಹಾಡುತ್ತಿತ್ತು. ಹದಿನೈದು ವರ್ಷ ನಕ್ಕದ್ದನ್ನು ನಾನು ಕಾಣದ ನಮ್ಮ ಬ್ಯಾಂಕಿನ ಮ್ಯಾನೇಜರು ಮುಂದಿನ ಕುರ್ಚಿಯ ಬೆನ್ನ ಮೇಲೆ ತಾಳ ಹಾಕುತ್ತಿದ್ದರು. ವೇದಿಕೆಯ ಮೇಲೆ ಗುರುಪಾದಪ್ಪ ಅಂಗೈ ಜೋಡಿಸಿಕೊಂಡು ಕುಳಿತಿದ್ದರು. ತಮ್ಮ ಮಾತು ಇಷ್ಟು ಬಾಯಿಗೆ ಹೋಗಿ ಮುಟ್ಟಿದೆಯೆಂದು ಅವರಿಗೇ ಗೊತ್ತಿರಲಿಲ್ಲ. ಅವರು ಅತ್ತ ಇತ್ತ ತಿರುಗಿ ತಿರುಗಿ ನೋಡುತ್ತಿದ್ದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಬಾಜೂದಲ್ಲಿ ಕುಳಿತ ಅಪರಿಚಿತ ಹೆಂಗಸಿನ ಕೈ ಹಿಡಿದುಕೊಂಡಿದ್ದೆ.

ಕಡೆಗೆ ಏಳರ ಗಾಡಿ. ಮೊದಲ ನುಡಿಗೇ ಸಭೆ ಮೆತ್ತಗಾಯಿತು. ಎರಡನೆಯದಕ್ಕೆ ಸೆರಗು, ಕರ್ಚೀಪು ಹೊರಬಂದವು. ಮೂರನೆಯ ನುಡಿ ಮುಗಿದು ‘ಕಣ್ಣುಜ್ಜಿಕೊಂಡೆನ ನಾ’ ಎನ್ನುತ್ತಿದ್ದಂತೆ ಸಭೆಗೆ ಸಭೆಯೇ ಎದ್ದು ಚಪ್ಪಾಳೆ ಹೊಡೆಯಿತು, ಶಿಳ್ಳೆ ಹಾಕಿತು. ಕ್ಯಾಸೆಟ್ಟಿನಲ್ಲಿ ಹಾಡು ಮುಗಿಯುವುದು ಅಲ್ಲಿಯೇ. ಇಪ್ಪತ್ತು ವರ್ಷ ಕೇಳಿದ ಕಿವಿ, ಕೈಗೆ ತಾನಾಗಿಯೇ ಹೇಳಿತು. ಬಾರಿಸುವವರೂ ಅದೇ ಕ್ಯಾಸೆಟ್ ಕೇಳಿ ಕಲಿತವರು, ಗಡಗಡ ತಾಳ ಕೊಟ್ಟು ಮುಗಿಸಿಬಿಟ್ಟರು. ಐದು ತಟ್ಟೆ ಚುರಮುರಿ ತಿಂದ ಅಜಿಂಕ್ಯನೂ ಬಗ್ಗಿ ನಮಸ್ಕಾರ ಮಾಡಿದ. ಬೇಡವೆಂದರೂ ಬಿಡದೆ ಮಾರ್ತಾಂಡಣ್ಣ ಶಾಲು, ಹಾರ ಹಿಡಿದು ವೇದಿಕೆ ಏರಿದ.

ಗುರುಪಾದಪ್ಪನವರ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಈ ಸಲವೂ ಅವರಿಂದ ಮಾತು ಹೊರಡಲಿಲ್ಲ. ಮೂರನೆಯ ಸಾಲಿನಲ್ಲಿ ಒಬ್ಬಾಕೆ ರೇಣವ್ವನ ಬೆನ್ನು ಸವರಿ ಏನೋ ಅಂದಳು. ಏನು ಅಂದಳೆಂದು ನನಗೆ ಕೇಳಿಸಬೇಕಾಗಿರಲಿಲ್ಲ. ರೇಣವ್ವ ಸೆರಗು ತಲೆಗೆಳೆದುಕೊಂಡು, ಕೈಚೀಲ ಹಿಡಿದು, ಹೊರಡಲು ನಿಂತರು.

ನನಗೆ ಸಿಟ್ಟು ನೆತ್ತಿಗೇರಿತು. ಹೇಗೆ ವೇದಿಕೆ ಹತ್ತಿದೆನೋ ಗೊತ್ತಿಲ್ಲ, ಅಜಿಂಕ್ಯನ ಕೈಯಿಂದ ಮೈಕು ಕಸಿದುಕೊಂಡೆ.

‘ಚಪ್ಪಾಳಿ ನಿಲ್ಲಸ್ರಿ’ ಎಂದೆ. ನಿಲ್ಲಲಿಲ್ಲ. ‘ನಿಲ್ಲಸ್ರಿ ಅಂದೆ. ಹಾಡ ಇನ್ನೂ ಮುಗಿದಿಲ್ಲ. ಅರ್ಧಾ ಹಾಡ ಕೇಳಿ ಇಪ್ಪತ್ತ ವರ್ಷ ಅತ್ತೇವಿ. ನಾನೂ ಅತ್ತೇನಿ, ನನಗೂ ಬುದ್ಧಿ ಇರಲಿಲ್ಲ. ಎಲ್ಲಾರೂ ಸುಮ್ಮನ ಕುಂದರ್ರಿ. ಮಾರ್ತಾಂಡಣ್ಣ, ಆ ಹಾರ ತಗೊಂಡ ನೀನೂ ಕುಂದರು.’

ಅಧ್ಯಕ್ಷರು ಹಾರ ಸಮೇತ ಹಾರ್ಮೋನಿಯಂ ಬಾಜೂಕ್ಕೆ ಕುಳಿತರು. ಸಭೆಯೂ ಕುಳಿತಿತು. ನಿಂತಿದ್ದವರು ರೇಣವ್ವ ಒಬ್ಬರೇ, ಬಾಗಿಲ ಕಡೆ ಮುಖ ಮಾಡಿ.

ಅಜಿಂಕ್ಯ ನಾಲಿಗೆ ಕಚ್ಚಿಕೊಂಡು ನೋಟ್‌ಬುಕ್ ತೆರೆದ. ಬಾರಿಸುವವರಿಗೆ ಮುಂದಿನದು ಗೊತ್ತಿರಲಿಲ್ಲ, ಕೈ ಕಟ್ಟಿ ಕುಳಿತರು. ಅವನು ಬರೀ ಗಂಟಲಲ್ಲಿ ಹಾಡಿದ.

ಖಾನಾಪುರದಾಗ ಹಂಚ ಸುಡಾಂವ
ಗುರುಪಾದ ಕಟ್ಟಿದ ಪದ
ಒಂಬತ್ತರ ಗಾಡಿಗೆ ಇಳಿದಾಳ ನಲ್ಲೆ
ತೆರದೈತಿ ಮನಿಯ ಕದ

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಇಲ್ಲಿ ಹೊಡೆಯಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಫೌಂಡ್ರಿಯವರ ಸಾಲಿನಲ್ಲಿ ಒಬ್ಬ ಮೆಲ್ಲಗೆ ‘ಬಂದಳಲೇ’ ಎಂದ. ಆ ಮಾತು ಸಾಲಿನಿಂದ ಸಾಲಿಗೆ, ಬಾಗಿಲಲ್ಲಿದ್ದ ಪೊಲೀಸನವರೆಗೂ ಹೋಯಿತು. ಜನ ಒಬ್ಬರ ಮುಖ ಒಬ್ಬರು ನೋಡಿ ನಗತೊಡಗಿದರು, ಕಣ್ಣಲ್ಲಿ ಇನ್ನೂ ನೀರಿತ್ತು. ಗುರುಪಾದಪ್ಪ ಮಾತ್ರ ಮೂರನೆಯ ಸಾಲನ್ನೇ ನೋಡುತ್ತಿದ್ದರು.

ಖಾನಾಪುರದ ಹೆಂಗಸರ ನಡುವಿನಿಂದ ಒಬ್ಬಾಕೆ ಕೇಳಿಯೇಬಿಟ್ಟಳು. ‘ಆಕಿ ಯಾರ್ರೀ ಮತ್ತ?’

ರೇಣವ್ವ ತಿರುಗಿದರು. ತಲೆಯ ಮೇಲಿನ ಸೆರಗು ಹಿಂದಕ್ಕೆ ಸರಿಸಿದರು.

‘ನಾನಽ’ ಎಂದರು, ಇಡೀ ಸಭೆಗೆ ಕೇಳುವಂತೆ. ‘ಹೆರಳ ಹಾಕ್ಕೊಳ್ಳೂದ್ರಾಗ ಹೊತ್ತಾತು. ಏಳರ ಗಾಡಿ ತಪ್ಪಿತು.’