ಒಬ್ಬರೇ ಇರಲಾರದ ಮನುಷ್ಯ

ನನ್ನ ಗಂಡ ಯಾವಳ ಹಿಂದಾದರೂ ಬಿದ್ದಿದ್ದರೆ ಅವಳ ಜುಟ್ಟು ಹಿಡಿದು ಜಗಳವಾಡಿ ಬಿಡಿಸಿಕೊಂಡು ಬರುತ್ತಿದ್ದೆ. ಅವರು ಬಿದ್ದಿದ್ದು ಹಿಮದ ಹಿಂದೆ. ಅಂಟಾರ್ಕ್ಟಿಕಾ ಅಂತೆ! ಮರವಿಲ್ಲ, ಮನೆಯಿಲ್ಲ, ಒಂದು ಕಾಗೆ ಕೂಡ ಇಲ್ಲ. ಅಲ್ಲಿ ಹದಿನಾರು ತಿಂಗಳು ಗಾಳಿ ಅಳೆಯುತ್ತಾ ಕೂತಿರಬೇಕಂತೆ ಈ ಮಹಾರಾಯರಿಗೆ.

ಅದು ಎಂಬತ್ತಾರನೇ ಇಸವಿ. ಅಂಧೇರಿಯ ಎರಡು ಕೋಣೆಗಳಲ್ಲಿ ನಾವಿಬ್ಬರು, ನಮ್ಮತ್ತೆ, ಇಬ್ಬರು ಮಕ್ಕಳು. ನಮ್ಮವರು ತಿರುಮಲೇಶ, ಸಾಂತಾಕ್ರೂಜ್ ಕಡೆ ಹವಾಮಾನ ಕಚೇರಿಯಲ್ಲಿ ಕೆಲಸ. ದಿನಾ ಬಲೂನು ಹಾರಿಸಿ ಮೇಲಿನ ಗಾಳಿಯ ಲೆಕ್ಕ ಬರೆಯುವುದು. ಹಿಮದ ನಾಡಿಗೆ ಹೋಗುವ ತಂಡಕ್ಕೆ ಇಷ್ಟವಿದ್ದವರು ಹೆಸರು ಕೊಡಿ ಎಂದು ಕಚೇರಿಯಲ್ಲಿ ಸುತ್ತೋಲೆ ಬಂದ ದಿನ ಅವರು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದರು.

"ಶಾಮಲಾ, ಗಾಳಿ ನಿಂತ್ರೆ ಅಲ್ಲಿ ನಮ್ಮ ಉಸಿರು ನಮಗೇ ಕೇಳತ್ತಂತೆ ಕಣೇ!"

"ಯಾಕೆ, ಇಲ್ಲಿ ನನ್ನ ಉಸಿರು ಕೇಳೋದು ಕಷ್ಟ ಆಗ್ತಿದೆಯಾ?"

ನಕ್ಕುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು.

ಅವರ ಕಷ್ಟ ನನಗೆ ಗೊತ್ತಿರಲಿಲ್ಲ ಎಂದಲ್ಲ. ಬೆಳಗಿನ ಲೋಕಲ್ ರೈಲಿನಲ್ಲಿ ಯಾರದೋ ಕಂಕುಳಲ್ಲಿ ಮುಖ, ಸಂಜೆ ಮನೆಯಲ್ಲಿ ಮಕ್ಕಳ ಗಲಾಟೆ, ತಲೆಯ ಮೇಲೆ ಬಿಡದೆ ವಿಮಾನ. ಭಾನುವಾರ ಟೆರೇಸಿಗೆ ಹೋಗಿ ನೀರಿನ ಟಾಂಕಿಯ ಪಕ್ಕ ಎರಡು ಗಂಟೆ ಸುಮ್ಮನೆ ಕೂತು, ಹೊಸ ಮನುಷ್ಯರಾಗಿ ಇಳಿದು ಬರುತ್ತಿದ್ದರು. ಎರಡು ಗಂಟೆಯಾದರೆ ನನ್ನ ತಕರಾರಿರಲಿಲ್ಲ. ಹದಿನಾರು ತಿಂಗಳು ನನ್ನನ್ನು ಬಿಟ್ಟಿರುವುದಕ್ಕೆ ಇಷ್ಟು ಸಂಭ್ರಮವೇ?

ಇನ್ನೊಂದು ಮಾತು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಎರಡನೇ ಬಾಣಂತನಕ್ಕೆ ಮೈಸೂರಿಗೆ ಹೋದವಳು ಮೂರು ತಿಂಗಳಿಗೆ ವಾಪಸು ಬಂದೆ. ಸ್ಟೇಷನ್ನಿನಲ್ಲಿ ಇವರು ಮಗುವನ್ನು ಎತ್ತಿಕೊಂಡು ಕೇಳಿದ್ದೇನು? "ಇಷ್ಟು ಬೇಗ ಬಂದುಬಿಟ್ಯಾ?" ತಮಾಷೆಗೆ ಎಂದರು. ಏಳು ವರ್ಷವಾದರೂ ನಾನು ಆ ತಮಾಷೆಯನ್ನು ಮರೆತಿರಲಿಲ್ಲ.

ದೇಹದ ಪರೀಕ್ಷೆಯಲ್ಲಿ ಪಾಸಾದರು. ಆಮೇಲೆ ಮನಸ್ಸಿನ ಪರೀಕ್ಷೆ, ಎರಡು ದಿನ. ಶಾಯಿಯ ಕಲೆ ತೋರಿಸಿ ಏನು ಕಾಣುತ್ತದೆ ಎಂದು ಕೇಳಿದರಂತೆ. ಇವರು ಸಿಳ್ಳೆ ಹಾಕುತ್ತಾ ಮನೆಗೆ ಬಂದರು. ಕೊನೆಗೆ ಹೆಂಡತಿಯರನ್ನೂ ಕರೆಸಿದರು. ಸಾಹೇಬರೊಬ್ಬರು ಇವರನ್ನು ಹೊರಗೆ ಕೂರಿಸಿ, ನನಗೆ ಚಹಾ ಕೊಟ್ಟು, ಹಿಂದಿಯಲ್ಲಿ ಕೇಳಿದರು. "ಭಾಬೀಜಿ, ನೀವು ಹೇಳಿದ್ದು ಈ ಕೋಣೆ ದಾಟುವುದಿಲ್ಲ. ನಿಮ್ಮ ಯಜಮಾನರು ಒಂಟಿಯಾಗಿ ಇರಬಲ್ಲರೇ?"

ಮನೆಯಿಂದ ಹೊರಡುವಾಗ ಒಳ್ಳೆಯದನ್ನೇ ಹೇಳಬೇಕೆಂದುಕೊಂಡಿದ್ದೆ. ಆದರೆ ಬಾಗಿಲಿನ ಗಾಜಿನಲ್ಲಿ ಇವರು ಕಾಣುತ್ತಿದ್ದರು. ಗೋಡೆಯ ಭೂಪಟದ ಮುಂದೆ ನಿಂತು ಒಬ್ಬರೇ ಮುಗುಳುನಗುತ್ತಿದ್ದರು. ನನ್ನನ್ನು ನೋಡಿ ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ!

ಸೆರಗು ಬಾಯಿಗೆ ಹಿಡಿದು ಹೇಳಿದೆ: "ಇಲ್ಲ ಸಾಹೇಬರೇ. ನಾನು ತವರಿಗೆ ಹೋದರೆ ಊಟ ಬಿಡುತ್ತಾರೆ. ಒಂದು ಸಲ ಚಿಕ್ಕ ಮಗುವಿನ ಹಾಗೆ ಅತ್ತಿದ್ದರು. ಅವರಿಗೆ ಹೇಳಬೇಡಿ, ನಾಚಿಕೆಯಾಗುತ್ತದೆ."

ಸಾಹೇಬರು ಮಾತು ಉಳಿಸಿಕೊಂಡರು. ನಿಮ್ಮ ಮನಸ್ಸಿನ ಪರೀಕ್ಷೆಯಲ್ಲೇ ಇದು ಕಂಡಿದೆ, ನೀವು ಒಬ್ಬರೇ ಇರಬಲ್ಲವರಲ್ಲ ಎಂದು ಇವರಿಗೆ ತಿಳಿಸಿದರು. ಇವರ ಜಾಗಕ್ಕೆ ಧಾರವಾಡದ ನೀಲಕಂಠಪ್ಪ ಹೋದರು.

"ನನಗೇ ಗೊತ್ತಿರ್ಲಿಲ್ಲ ನೋಡು," ಎಂದು ಇವರು ಮೂರು ದಿನ ಅದನ್ನೇ ಹೇಳಿದರು. "ನನ್ನೊಳಗೆ ಹೀಗಿದೆ ಅಂತ ನನಗೇ ಗೊತ್ತಿರ್ಲಿಲ್ಲ." ನನಗೆ ಒಳಗೊಳಗೇ ಖುಷಿ. ಆ ವಾರ ಪಾಯಸ ಮಾಡಿದೆ.

ಮುಂದಿನ ಭಾನುವಾರ ಇವರು ಟೆರೇಸಿಗೆ ಹೋಗಲಿಲ್ಲ. ಆಮೇಲೆ ಹೋಗಲೇ ಇಲ್ಲ. ನಾನು ತರಕಾರಿ ತರಲು ಹೊರಟರೆ ಜೊತೆಗೆ ಹೊರಡುವರು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿರುವರು. ಸ್ನಾನಕ್ಕೆ ಹೋದರೆ ಹೊರಗಿನಿಂದ, "ಶಾಮಲಾ, ಇದೀಯಾ?" ಇಲ್ಲದೆ ಎಲ್ಲಿಗೆ ಸಾಯಲಿ? ನನ್ನ ತಮ್ಮನ ಮದುವೆಗೆ ಒಬ್ಬಳೇ ಹೋಗಿ ನಾಲ್ಕು ದಿನ ಹಾಯಾಗಿರೋಣ ಎಂದುಕೊಂಡಿದ್ದೆ. ರಜೆ ಹಾಕಿ ಬಂದು, ಹೆಂಗಸರ ನಡುವೆ ನನ್ನ ಪಕ್ಕದಲ್ಲೇ ಕೂತರು.

ಪಕ್ಕದ ಮನೆಯ ರಾಚವ್ವ ಗಲ್ಲಕ್ಕೆ ಕೈಯಿಟ್ಟು, "ಎಂಥಾ ಗಂಡನ್ನ ಪಡದೀಯವಾ! ನಮ್ಮಾಂವ ನಾ ಸತ್ತರೂ ತಿರುಗಿ ನೋಡಂಗಿಲ್ಲ," ಎಂದಳು. ನನಗೆ ಅವಳ ಗಂಡನೇ ವಾಸಿ ಅನ್ನಿಸಿತು.

ಎಂಬತ್ತೆಂಟರಲ್ಲಿ ನೀಲಕಂಠಪ್ಪ ಮರಳಿ ಬಂದು ನಮ್ಮ ಮನೆಗೆ ಊಟಕ್ಕೆ ಬಂದರು. ಫೋಟೋ ಹರಡಿದರು. ಬೆಳ್ಳಗೆ, ಆಚೆಯ ತುದಿಯೇ ಕಾಣದಷ್ಟು ಬರೀ ಬೆಳ್ಳಗೆ. ಒಂದರಲ್ಲಂತೂ ನೋಡುವುದಕ್ಕೆ ಏನೂ ಇರಲಿಲ್ಲ, ಆದರೂ ನನಗೆ ಕಣ್ಣು ಕೀಳಲಾಗಲಿಲ್ಲ. ಅಲ್ಲಿ ಯಾರೂ ನನ್ನ ಹೆಸರು ಹಿಡಿದು ಕರೆಯುವುದಿಲ್ಲ.

"ಮತ್ತ ಹೆಸರು ಕೇಳ್ಯಾರ. ಈ ಸಲ ನೀ ಕೊಡೋ ತಿರುಮಲೇಶ," ಎಂದರು ನೀಲಕಂಠಪ್ಪ.

"ಅಯ್ಯೋ, ನನ್ನ ಕೈಲಾಗಲ್ಲಪ್ಪ."

ಅವರು ಹೋದ ಮೇಲೆ ಇವರ ಎದುರು ಕೂತು ಎಲ್ಲವನ್ನೂ ಹೇಳಿದೆ. ಆ ಕೋಣೆ, ಆ ಚಹಾ, ನನ್ನ ಸುಳ್ಳು. "ಪರೀಕ್ಷೇಲಿ ಏನೂ ಕಂಡಿರ್ಲಿಲ್ಲ ರೀ. ನಾನೇ ಹೇಳಿದ್ದು. ಹೊಟ್ಟೆಕಿಚ್ಚಿಗೆ ಹೇಳಿದೆ. ಹೆಸರು ಕೊಡಿ, ಹೋಗಿ ಬನ್ನಿ. ನಿಮ್ಮ ಕಾಲಿಗೆ ಬೀಳ್ತೀನಿ."

ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿ ಎಂದೇ ಕಾದೆ. ಅವರು ನನ್ನ ಕೈ ಹಿಡಿದರು. ಕಣ್ಣಲ್ಲಿ ನೀರಿತ್ತು.

"ನನ್ನ ಮರ್ಯಾದೆ ಉಳಿಸೋಕೆ ತಪ್ಪನ್ನ ನಿನ್ನ ತಲೆ ಮೇಲೆ ಹಾಕ್ಕೋತಿದೀಯ. ಎಷ್ಟು ಒಳ್ಳೆಯವಳೇ ನೀನು."

"ದೇವರಾಣೆ ರೀ! ಮಕ್ಕಳಾಣೆ!"

"ಸಾಕು, ಆಣೆ ಇಡಬೇಡ. ಡಾಕ್ಟರು ಎರಡು ದಿನ ಪರೀಕ್ಷೆ ಮಾಡಿ ಕಂಡುಹಿಡಿದದ್ದು ಸುಳ್ಳಾಗತ್ತಾ? ನೀನು ಮಾರ್ಕೆಟ್ಟಿಂದ ಹತ್ತು ನಿಮಿಷ ತಡವಾಗಿ ಬಂದ್ರೆ ನನಗೇನಾಗತ್ತೆ ಗೊತ್ತಾ?"

ನಡುಗುತ್ತಿದ್ದರು. ನಿಜವಾಗಿಯೂ ನಡುಗುತ್ತಿದ್ದರು. ಕೈ ಬಿಡಿಸಿಕೊಳ್ಳಲು ನೋಡಿದೆ. ಇನ್ನೂ ಬಿಗಿಯಾಗಿ ಹಿಡಿದುಕೊಂಡರು.