ಮೊಳೆಗೆ ತೂಗುತ್ತಿದ್ದ ಗ್ಲೌಸು

ಗಾಜು ಹೊತ್ತವನನ್ನು ಹಿಂದಿನಿಂದ ಕೂಗಬಾರದು. ಗಾಜಿನಂಗಡಿಯಲ್ಲಿ ಅಪ್ಪ ಮೂವರು ಮಕ್ಕಳಿಗೂ ಕಲಿಸಿದ ಮೊದಲ ಪಾಠ ಅದು. ಹೊರುವವನು ಬಾಗಿಲ ಪಕ್ಕದ ಮೊಳೆಯಿಂದ ಚರ್ಮದ ಗ್ಲೌಸು ತೆಗೆದು ಹಾಕಿಕೊಳ್ಳಬೇಕು. ಮೊಳೆ ಖಾಲಿ ಇದ್ದರೆ ಎಲ್ಲರ ಬಾಯಿ ಬಂದ್. ಗ್ಲೌಸು ಅಲ್ಲೇ ತೂಗುತ್ತಿದ್ದರೆ ಕೂಗು, ಬಯ್ಯಿ, ಏನಾದರೂ ಮಾಡು.

ಆ ಬೆಳಿಗ್ಗೆ ಅಣ್ಣನಿಗೂ ತಮ್ಮನಿಗೂ ಜೋರು ಜಗಳವಾಗಿತ್ತು. ಅಣ್ಣ ಮುಖ ತಿರುಗಿಸಿ ಹೊರಟ. ತಮ್ಮ "ಏಯ್!" ಎಂದು ಕಿರುಚಿದ. ಅಣ್ಣ ಬೆಚ್ಚಿ ತಿರುಗಿದ. ಕೈಯಲ್ಲಿದ್ದ ಗಾಜು ಜಾರಿ ಅಂಗೈ ಸೀಳಿತು. ಈಗ ಅವನ ಬಲಗೈಯ ಮೂರು ಬೆರಳು ಮಡಚುವುದಿಲ್ಲ. ಬೇಕೆಂದೇ ಗಾಯ ಮಾಡಿದನೆಂದು ತಮ್ಮನ ಮೇಲೆ ಕೇಸು.

ಮೊಳೆಯಲ್ಲಿ ಗ್ಲೌಸು ಇತ್ತೆಂದು ತಮ್ಮ ಗೋಗರೆದ. ಯಾರೂ ನಂಬಲಿಲ್ಲ. ಪೊಲೀಸರು ಬಂದಾಗ ಗ್ಲೌಸು ರಕ್ತ ಮೆತ್ತಿಕೊಂಡು ನೆಲದ ಮೇಲೆ ಬಿದ್ದಿತ್ತು. ಚೂರು ಬಳಿಯಲು ಅದನ್ನು ಹಾಕಿಕೊಂಡವಳು ನಡುವಿನವಳು, ಇವರಿಬ್ಬರ ನಡುವೆ ಹುಟ್ಟಿದವಳು. ಅವಳನ್ನು ಯಾರೂ ಆ ಬಗ್ಗೆ ಕೇಳಲಿಲ್ಲ. ಅಣ್ಣನ ಮನೆಯಲ್ಲೇ ಇದ್ದವಳು, ತಾನಾಗಿ ಬಾಯಿ ಬಿಡಲೂ ಇಲ್ಲ.

ಕೋರ್ಟಿನ ಮೊಗಸಾಲೆಯಲ್ಲಿ ಅಣ್ಣ ಸರ್ಕಾರಿ ವಕೀಲೆಗೆ ಹೇಳುತ್ತಿದ್ದ: "ನನ್ನ ಕೈ ಹೋಯ್ತು ಮೇಡಂ. ಅವನದೂ ಹೋಗ್ಲಿ."

"ಒಂದು ಕಾಲದಲ್ಲಿ ಹಾಗೇ ಇತ್ತು ಯಜಮಾನ್ರೇ, ಕೈಗೆ ಕೈ. ಕಡಿದವನ ಮನಸ್ಸಲ್ಲೇನಿತ್ತು ಅಂತ ಕೇಳೋರೇ ಇರ್ಲಿಲ್ಲ. ಜನ ಅದನ್ನ ಕೇಳೋಕೆ ಶುರು ಮಾಡಿದ್ಮೇಲೇ ಈ ಕೋರ್ಟು, ಈ ಕಟಕಟೆ ಎಲ್ಲ. ಕೈ ಮಾಡಿದ್ದು ಸಾಲದು, ಮನಸ್ಸೂ ಮಾಡಿರಬೇಕು. ಎರಡೂ ಸೇರಿದ್ರೇ ಅಪರಾಧ."

"ಮನಸ್ಸನ್ನ ಬಿಚ್ಚಿ ನೋಡೋಕಾಗತ್ತಾ?"

"ಆಗಲ್ಲ. ಅದಕ್ಕೇ ಕಣ್ಣಲ್ಲಿ ಕಂಡವರನ್ನ ಕರೆಸೋದು."

ವಕೀಲೆ ಒಳಗೆ ಹೋದಮೇಲೆ ಅಣ್ಣ ತಂಗಿಯ ಕಡೆ ಬಾಗಿ ಗೊಣಗಿದ. "ಇವರೆಲ್ಲ ನಾಲಿಗೆಗೂ ಗ್ಲೌಸು ಹಾಕ್ಕೊಂಡೇ..."

ಮಾತು ಅಲ್ಲಿಗೇ ನಿಂತಿತು. ಅವನು ಅವಳ ಮುಖ ನೋಡಿದ. ಆ ದಿನದ ಗ್ಲೌಸಿನ ವಿಷಯ ಅವಳಿಗೆ ಗೊತ್ತಿದೆಯೆಂದು ಅವನಿಗೂ ಗೊತ್ತಾಯಿತು. ಅಷ್ಟರಲ್ಲಿ ಒಳಗಿನಿಂದ ಅವಳ ಕರೆ ಬಂತು.

ಅವಳು ಕಟಕಟೆಯ ಮರ ಹಿಡಿದು ನಿಂತಳು. ಎದುರಿಗೆ ತಮ್ಮ ತಲೆ ತಗ್ಗಿಸಿ ಕೂತಿದ್ದ.

"ಅಣ್ಣನ ಕೈಯಲ್ಲಿ ಗಾಜಿದೆ ಅಂತ ಇವರಿಗೆ ಗೊತ್ತಿತ್ತಾ?" ವಕೀಲೆ ಕೇಳಿದಳು.

"ಅವನಿಗೇನು ಗೊತ್ತಿತ್ತೋ ನಾನು ಹೇಗೆ ಹೇಳ್ಲಿ? ಅವನ ಕಣ್ಣು ಎಲ್ಲಿಗೆ ಹೋಯ್ತು ಅಂತ ಹೇಳ್ತೀನಿ. ಮೊದಲು ಮೊಳೆ ನೋಡಿದ. ಆಮೇಲೆ ಕಿರುಚಿದ."

"ಯಾವ ಮೊಳೆ?" ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು.

ಅವಳು ವಿವರಿಸಿದಳು. "ಗ್ಲೌಸು ಮೊಳೆಯಲ್ಲೇ ಇತ್ತು ಸ್ವಾಮಿ. ಅಣ್ಣ ಬರಿಗೈಲಿ ಎತ್ತಿದ್ದ. ಸಣ್ಣ ಗಾಜು, ಹಿಂದಿನಿಂದ ಬೆನ್ನಷ್ಟೇ ಕಾಣ್ತಿತ್ತು. ಆಮೇಲೆ ಚೂರು ಬಳಿಯೋಕೆ ಗ್ಲೌಸು ತೆಗೆದವಳು ನಾನು."

ತಮ್ಮ ತಲೆಯೆತ್ತಿದ.

ಮುಂದಿನ ಕರೆ ಅಣ್ಣನದು. ಒಳಗೆ ನಡೆದ ಮಾತೊಂದೂ ಅವನ ಕಿವಿಗೆ ಬಿದ್ದಿರಲಿಲ್ಲ. ಅವಳು ಹಿಂದಿನ ಬೆಂಚಿನಲ್ಲಿ ಹೋಗಿ ಕೂತಳು.

"ಗ್ಲೌಸು ಹಾಕಿದ್ರಾ?" ವಕೀಲೆ ಕೇಳಿದಳು.

ಅಣ್ಣ ತನ್ನ ಸೆಟೆದ ಬೆರಳುಗಳನ್ನೇ ನೋಡುತ್ತ ನಿಂತ. ಹೌದೆಂದರೆ ತಮ್ಮ ಜೈಲಿಗೆ, ತಾನು ಸುಳ್ಳುಗಾತಿ ಎಂದು ತಂಗಿಗೆ ಗೊತ್ತಿತ್ತು.

"ಇಲ್ಲ," ಎಂದ ಕೊನೆಗೆ. "ಸಿಟ್ಟಲ್ಲಿದ್ದೆ. ಅಪ್ಪ ಇದ್ದಿದ್ರೆ ನನಗೇ ಬಾರಿಸ್ತಿದ್ದ."

ತಮ್ಮನ ಬಿಡುಗಡೆಯಾದ ದಿನ ಅಣ್ಣ ಯಾರಿಗೂ ಕಾಯದೆ ಮೊಗಸಾಲೆಯಲ್ಲಿ ಮುಂದೆ ಹೊರಟುಬಿಟ್ಟ. ತಮ್ಮ ಹಿಂದಿನಿಂದ ಓಡಿದ, ಆದರೆ ಕೂಗಲಿಲ್ಲ. ಗೋಡೆ ಪಕ್ಕದಿಂದ ಸುತ್ತಿ ಬಂದು, ಎದುರಿಗೆ ನಿಂತು, "ಅಣ್ಣಾ" ಎಂದ.

"ಕೂಗೋಕೇನಾಗಿತ್ತು?" ಅಣ್ಣ ಬಲಗೈ ಮುಂದೆ ಚಾಚಿದ. "ಬೀಳೋಕೆ ಇದರಲ್ಲಿ ಇನ್ನೇನಿದೆ?"

ತಮ್ಮ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅಣ್ಣ ಎಳೆದುಕೊಳ್ಳಲಿಲ್ಲ. ಮಡಚಿ ಹಿಡಿಯಲು ಅವನಿಂದ ಆಗಲೂ ಇಲ್ಲ.